ನರಿಗೆ ಪಹಣಿ ಇಲ್ಲ

ಘತ್ತರಗಿಗೆ ಸಮುದ್ರವಿಲ್ಲ, ಹೊಳೆಯಿದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ, ಹತ್ತಿರದಲ್ಲೇ ಇರುವ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ ಮೂಡಣ ದಿಕ್ಕಿಗೆ ನಡೆಯುತ್ತಾಳೆ. 861 ಕಿಲೋಮೀಟರ್ ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಆ ದಾರಿಯಲ್ಲಿ ಅಫಜಲಪುರ ತಾಲೂಕಿನ ಘತ್ತರಗಿಯೂ ಒಂದು ಊರು. ಅಮಾವಾಸ್ಯೆಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆಂದು ಮಹಾರಾಷ್ಟ್ರದಿಂದಲೂ ತೆಲಂಗಾಣದಿಂದಲೂ ಬರುವ ಜನ ಹೊಳೆಗಿಳಿದು ಮಿಂದು ಗುಡಿಗೆ ಹೋಗುತ್ತಾರೆ. ಅವರು ಕಾಲಿಡುವ ಆ ದಂಡೆಗೆ ಇನ್ನೊಬ್ಬ ಹಳೆಯ ಒಕ್ಕಲು ಇದ್ದ. ಅವನ ಚರಿತ್ರೆ ಬರೆಯಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ಓದುಗರು ನಗಬಾರದು. ಆ ಒಕ್ಕಲಿನ ಹೆಸರು ನರಿ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಲಬುರಗಿಯ ಬಹಮನಿಗಳು, ಹೈದರಾಬಾದಿನ ನಿಜಾಮರು, ಹೀಗೆ ನಮ್ಮ ಸೀಮೆಯನ್ನು ಆಳಿದವರ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆಳಿದವರೆಲ್ಲ ಹೋದರು, ಹೊಳೆಯ ದಂಡೆಯಲ್ಲಿ ರಾತ್ರಿ ಹೊತ್ತು ಅಡ್ಡಾಡುತ್ತಿದ್ದ ನರಿ ಮಾತ್ರ ಎಲ್ಲರ ಕಾಲದಲ್ಲೂ ಇತ್ತು. ಪಾಠಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಈಗ ದಂಡೆಯಲ್ಲೂ ಜಾಗವಿಲ್ಲದಂತಾಗಿದೆ.

ಕಡಲ ಕಡೆಯವರಿಗೆ ದಂಡೆಯ ನರಿ ಹೊಸದಲ್ಲ. ಕಾರವಾರ, ಹೊನ್ನಾವರದ ಕಡೆ ಮರಳಿನಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಅವು ಒಡೆದು ಮರಿಯಾಗಲು ಒಂದೂವರೆ ಎರಡು ತಿಂಗಳು ಬೇಕು. ಅಷ್ಟರೊಳಗೆ ನಾಯಿ ನರಿಗಳು ಮೂಸಿ ಅಗೆಯುತ್ತವೆಂದು ಅರಣ್ಯ ಇಲಾಖೆಯವರೂ ಊರವರೂ ಸೇರಿ ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಆಫ್ರಿಕದ ನಮೀಬಿಯಾದಲ್ಲಿ ಕರಿಬೆನ್ನಿನ ನರಿಗಳು ಸೀಲ್ ಪ್ರಾಣಿಗಳ ಮರಿಗಳಿಗಾಗಿ ಕಡಲಂಚನ್ನು ಸುತ್ತುತ್ತವೆ. ಕೆನಡಾದ ಪಶ್ಚಿಮ ತೀರದ ತೋಳಗಳಂತೂ ಮೀನು ಚಿಪ್ಪು ತಿಂದೇ ಬಹುಪಾಲು ಹೊಟ್ಟೆ ಹೊರೆಯುತ್ತವೆ. ಇದರ ಗುಟ್ಟು ದೊಡ್ಡದೇನಲ್ಲ. ಉಬ್ಬರ ಇಳಿತಗಳೆಂಬ ನೆಪದಲ್ಲಿ ಸಮುದ್ರ ದಿನಕ್ಕೆ ಎರಡು ಪಂಕ್ತಿ ಊಟ ಬಡಿಸಿ ಹೋಗುತ್ತದೆ. ಹೊತ್ತು ಗೊತ್ತಿದ್ದವನಿಗೆ ಹಸಿವಿಲ್ಲ.

ನಮ್ಮ ಭೀಮೆ ಬಡಿಸುತ್ತಿದ್ದುದು ವರ್ಷಕ್ಕೆ ಒಂದೇ ಪಂಕ್ತಿ, ಆದರೆ ಅದು ತಿಂಗಳುಗಟ್ಟಲೆ ನಡೆಯುವ ಪಂಕ್ತಿ. ಮಳೆಗಾಲದಲ್ಲಿ ಹೊಳೆ ತುಂಬಿ ಹೊಲದ ಬದುವಿನವರೆಗೆ ಬರುತ್ತಿತ್ತು. ದೀಪಾವಳಿ ದಾಟಿದ ಮೇಲೆ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಸರಿದಂತೆಲ್ಲ ಉಸುಕು ಹೊರಬೀಳುತ್ತಿತ್ತು. ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಮೀನು, ಕೆಸರಿನಲ್ಲಿ ಚಿಪ್ಪು, ದಂಡೆಯ ತೂತುಗಳಲ್ಲಿ ಏಡಿ. ಬೇಸಿಗೆಯ ಹೊತ್ತಿಗೆ ಉಸುಕಿನಲ್ಲಿ ಕಲ್ಲಂಗಡಿ, ಸೌತೆಯ ಬಳ್ಳಿ ಹಬ್ಬಿಸುವವರಿದ್ದರು. ಕಾಯಿ ಹಣ್ಣಾಯಿತೋ ಇಲ್ಲವೋ ಎಂಬುದು ತೋಟದವನಿಗಿಂತ ನರಿಗೆ ಮೊದಲು ತಿಳಿಯುತ್ತಿತ್ತು. ಮುಂಜಾನೆ ಎದ್ದು ನೋಡಿದರೆ ಇದ್ದುದರಲ್ಲಿ ಒಳ್ಳೆಯ ಹಣ್ಣೇ ಒಡೆದಿರುತ್ತಿತ್ತು. ಆ ತೋಟ ಕಾಯುತ್ತಿದ್ದ ಮುದುಕನೊಬ್ಬ, "ತಮ್ಮಾ, ಹಣ್ಣ ಆರಿಸೂದು ಅದರ ಕಡೆಯಿಂದ ಕಲೀಬೇಕು ನೋಡು" ಎಂದು ಬೈಯುತ್ತಲೇ ಹೊಗಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

1972ರ ಬರಗಾಲದಲ್ಲಿ ನನಗೆ ಹತ್ತು ವರ್ಷ. ಘತ್ತರಗಿಗೆ ಹತ್ತಿರದ ನಮ್ಮ ಹಳ್ಳಿಯ ಬಾವಿಗಳೆಲ್ಲ ಬತ್ತಿದವು. ಹೊಳೆಯೂ ಬರೀ ಉಸುಕಾಯಿತು. ಹೆಂಗಸರು ಹೊಳೆಯ ನಡುವೆ ವರ್ತಿ ತೋಡಿ, ಒಸರುವ ನೀರನ್ನು ಚರಿಗೆಯಿಂದ ಗೋರಿ ಕೊಡ ತುಂಬುತ್ತಿದ್ದರು. ಒಂದು ಕೊಡಕ್ಕೆ ತಾಸು ಹೊತ್ತು. ನಸುಕಿನಲ್ಲಿ ಅಜ್ಜಿಯ ಬೆನ್ನು ಹತ್ತಿ ಹೋದಾಗ ವರ್ತಿಯ ಸುತ್ತ ನಾಯಿಯ ಹೆಜ್ಜೆಗಿಂತ ಚಿಕ್ಕದಾದ ಹೆಜ್ಜೆಗಳು ಕಾಣುತ್ತಿದ್ದವು. "ನಮ್ಮಕಿಂತ ಮೊದ್ಲ ಬಂದು ಕುಡದ ಹೋಗೇದ" ಎನ್ನುತ್ತಿದ್ದಳು ಅಜ್ಜಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೇಲೆದ್ದ ಕೆಸರು ತಳಕ್ಕಿಳಿಯುವ ತನಕ ಕಾಯ್ದು ನೀರು ತುಂಬಿಕೊಳ್ಳುತ್ತಿದ್ದಳು. ಮನೆಗೆ ಹೊರಡುವ ಮುಂದೆ ವರ್ತಿಯ ಒಂದು ಬದಿಯನ್ನು ಕಾಲಿನಿಂದ ಇಳಿಜಾರು ಮಾಡಿ ಬರುತ್ತಿದ್ದಳು. ಯಾಕೆಂದು ಕೇಳಿದರೆ, "ಮುಗ್ಗರಿಸಿ ಬಿದ್ದೀತು, ಪಾಪ" ಎನ್ನುತ್ತಿದ್ದಳು. ಮನುಷ್ಯರಿಗೇ ನೀರಿಲ್ಲದ ಆ ವರ್ಷ ನೀರಿನ ಮೇಲೆ ಇನ್ನೊಂದು ಜೀವಕ್ಕೂ ಹಕ್ಕಿದೆ ಎಂಬುದನ್ನು ಅವಳು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಇಲ್ಲಿಯವರೆಗೆ ನರಿ, ನರಿ ಎಂದು ಒಂದೇ ಹೆಸರಿನಿಂದ ಕರೆಯುತ್ತ ಬಂದೆ. ನಾವು ಮಾತಾಡುವುದೂ ಹಾಗೆಯೇ. ಆದರೆ ನಮ್ಮ ದಂಡೆಯಲ್ಲಿ ತಿರುಗುತ್ತಿದ್ದ ಪ್ರಾಣಿಗಳು ಎರಡು. ಒಂದು ದೊಡ್ಡದು, ಎಂಟು ಹತ್ತು ಕಿಲೋ ತೂಗುವುದು, ಸಂಜೆಯಾಗುತ್ತಲೇ ಮೇಳ ಕಟ್ಟಿ ಊಳಿಡುವುದು. ಗುಳ್ಳೆನರಿಯೆಂದು ಹಲವರು ಕರೆಯುವುದು ಇದನ್ನೇ. ಇನ್ನೊಂದು ಚಿಕ್ಕದು, ಎರಡು ಮೂರು ಕಿಲೋ, ಅಂದರೆ ಮನೆಯ ಬೆಕ್ಕಿನಷ್ಟೇ ಭಾರ. ಉದ್ದ ಕಿವಿ, ತೆಳು ಕಾಲು, ಪೊದೆಯಂಥ ಬಾಲ, ಬಾಲದ ತುದಿಗೆ ಮಸಿಯಲ್ಲಿ ಅದ್ದಿ ತೆಗೆದಂಥ ಕಪ್ಪು. ಇದು ಬಯಲಿನ ಪ್ರಾಣಿ. ಮರವಿಲ್ಲದ ಮಡ್ಡಿಯಲ್ಲಿ ಹಲವು ಬಾಯಿಗಳ ಬಿಲ ತೋಡಿ, ಎರಡರಿಂದ ನಾಲ್ಕು ಮರಿಗಳನ್ನು ಸಾಕುತ್ತದೆ. ವಿಜ್ಞಾನಿಗಳು ಭಾರತೀಯ ನರಿ ಎನ್ನುವುದು ಇದಕ್ಕೆ.

ಈ ಎರಡರ ಭೇದ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಒಬ್ಬ ಬ್ರಿಟಿಷ್ ಅಧಿಕಾರಿಯಲ್ಲಿ. ವಾಲ್ಟರ್ ಎಲಿಯಟ್ ಎಂಬ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. 1824ರಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಸತ್ತಾಗ ರಾಣಿ ಚನ್ನಮ್ಮನ ಸೆರೆಗೆ ಸಿಕ್ಕ ಇಬ್ಬರು ಬ್ರಿಟಿಷರಲ್ಲಿ ಇವನೂ ಒಬ್ಬ. ಮುಂದೆ ಕರ್ನಾಟಕದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿ ಚಾಲುಕ್ಯರ ಇತಿಹಾಸಕ್ಕೆ ಬುನಾದಿ ಹಾಕಿದವನೂ ಇವನೇ. ಶಾಸನ ಹುಡುಕುತ್ತ ತಿರುಗಿದವನು ಪ್ರಾಣಿಗಳನ್ನೂ ನೋಡುತ್ತ ಹೋದ. ಧಾರವಾಡದ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು, ಅವುಗಳ ದೇಶೀ ಹೆಸರುಗಳ ಸಮೇತ, 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. 1867ರಲ್ಲಿ ಜರ್ಡನ್ ಬರೆದ ಭಾರತದ ಸಸ್ತನಿಗಳ ಪುಸ್ತಕದಲ್ಲಿ ಚಿಕ್ಕ ನರಿಗೆ ಕನ್ನಡದವೇ ಮೂರು ಹೆಸರುಗಳಿವೆ: ಕೆಂಪು ನರಿ, ಚಂದಕ ನರಿ, ಕೊಂಕ. ಒಂದು ಚಿಕ್ಕ ಪ್ರಾಣಿಗೆ ಮೂರು ಹೆಸರಿಡುವಷ್ಟು ಅದನ್ನು ಕಂಡ ಜನ ಇಲ್ಲಿದ್ದರು. ಇವತ್ತು ನಮ್ಮ ತರಗತಿಯಲ್ಲಿ ಕೊಂಕ ಎಂದರೆ ಮಕ್ಕಳು ವ್ಯಾಕರಣವೇ ಎಂದು ಕೇಳುತ್ತಾರೆ.

ಎಲಿಯಟ್ ಬರೀ ಹೆಸರು ಬರೆದು ಸುಮ್ಮನಾಗಲಿಲ್ಲ. ಸತ್ತ ನರಿಯ ಹೊಟ್ಟೆ ಸೀಳಿಸಿ ನೋಡಿದ. ಅದರ ಮುಖ್ಯ ಆಹಾರ ಇಲಿ, ನೆಲದ ಏಡಿ, ಮಿಡತೆ, ಜೀರುಂಡೆ ಎಂದು ಬರೆದ. ಒಮ್ಮೆ ಅರ್ಧ ತಿಂದ ಮಾವಿನಹಣ್ಣೂ ಸಿಕ್ಕಿತಂತೆ. ನಾಯಿ ಬೆನ್ನಟ್ಟಿದಾಗ ಅದು ಓಡುವ ರೀತಿಯನ್ನೂ ಅವನು ಗಮನಿಸಿದ್ದ. ಮೊಲ ಮೊದಲು ನೇರ ಓಡಿ, ಕೊನೆಗೆ ದಾರಿ ಕಾಣದಾದಾಗ ತಿರುವು ಹಾಕುತ್ತದೆ. ಈ ನರಿ ಮೊದಲೇ ತಿರುವಿನ ಮೇಲೆ ತಿರುವು ಹಾಕಿ ನಾಯಿಯನ್ನು ದಣಿಸಿ, ಆಮೇಲೆ ನೆಟ್ಟಗೆ ಓಡಿಬಿಡುತ್ತದೆ. ಅದೇ ಕಾಲದಲ್ಲಿ ಮುಂಬಯಿ ಸರ್ಕಾರದ ಪರವಾಗಿ ದಖ್ಖನ್ನಿನ ಅಂಕಿಅಂಶ ಕೂಡಿಸುತ್ತಿದ್ದ ಸೈಕ್ಸ್ ಎಂಬ ಸೈನ್ಯಾಧಿಕಾರಿ ನಮ್ಮ ಬಯಲಿನ ತೋಳಕ್ಕೂ ಚಿಕ್ಕ ನರಿಗೂ 1831ರಲ್ಲಿ ವಿಜ್ಞಾನದ ಹೆಸರು ಕೊಟ್ಟ. ನರಿಗೆ ಅವನಿಟ್ಟ ಹೆಸರು ಮರಾಠಿಯ 'ಕೋಕ್ರೀ'. ಬಂಗಾಳದ ಹೆಸರು ಹೊತ್ತು 1800ರಲ್ಲೇ ಅದು ದಾಖಲಾಗಿತ್ತಾದ್ದರಿಂದ ಸೈಕ್ಸನ ಹೆಸರು ನಿಲ್ಲಲಿಲ್ಲ. ದೊಡ್ಡ ನರಿಗಳು ದ್ರಾಕ್ಷಿತೋಟಕ್ಕೆ ನುಗ್ಗಿ ಹಣ್ಣು ತಿನ್ನುವುದನ್ನೂ ಸೈಕ್ಸ್ ಬರೆದಿದ್ದಾನೆ. ದ್ರಾಕ್ಷಿ ಹುಳಿ ಎಂದು ನರಿ ಹೊರಟುಹೋದ ಕತೆಯನ್ನು ಗ್ರೀಸಿನಿಂದ ತರಿಸಿ ಮಕ್ಕಳಿಗೆ ಹೇಳುತ್ತೇವೆ. ನಮ್ಮ ದಖ್ಖನ್ನಿನ ನರಿಗೆ ದ್ರಾಕ್ಷಿ ಎಟುಕುತ್ತಿತ್ತು, ಹುಳಿಯೂ ಆಗಿರಲಿಲ್ಲ.

ಕತೆಯ ನರಿಗೇನು, ನಮ್ಮಲ್ಲಿ ಬರಗಾಲವಿಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1031ರ ಸುಮಾರಿಗೆ, ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದರಲ್ಲಿ ರಾಜನೀತಿ ನಡೆಸುವ ಮಂತ್ರಿಗಳೇ ನರಿಗಳು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕತೆಯಲ್ಲಿ ಇನ್ನೊಂದು ನರಿಯಿದೆ. ಧ್ಯಾನಕ್ಕೆ ನಿಂತ ಸುಕುಮಾರನನ್ನು ಮರಿಗಳೊಡನೆ ಬಂದ ಹೆಣ್ಣು ನರಿ ಕಾಲಿನಿಂದ ತಿನ್ನುತ್ತ ಬರುತ್ತದೆ. ಅದು ಹಿಂದಿನ ಜನ್ಮದಲ್ಲಿ ಅವನ ಅತ್ತಿಗೆ. ಸೇಡು ಜನ್ಮದಿಂದ ಜನ್ಮಕ್ಕೆ ಹರಿಯುವ ಭಯಂಕರ ಕತೆ ಅದು. ಇನ್ನು ನಮ್ಮ ಹಳ್ಳಿಗಳಲ್ಲಿ ಕೆಲಸ ಕೈಗೂಡಿದವನನ್ನು "ಇವತ್ತ ನರಿ ಮಾರಿ ನೋಡಿದ್ದಿ ಏನು?" ಎಂದು ಕೇಳುತ್ತಾರೆ. ಮೋಸ ಮಾಡಿದವನದು ನರಿಬುದ್ಧಿ. ನರಿಯ ಕೂಗು ಗಿರಿ ಮುಟ್ಟೀತೇ ಎಂದು ಗಾದೆ. ಕೊಂಬೇ ಇಲ್ಲದ ಪ್ರಾಣಿಗೆ ಕೊಂಬು ಕಲ್ಪಿಸಿ, ನರಿಕೊಂಬು ಎಂದು ಮಾರಿ, ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆಂದು ನಂಬಿಸಿದ್ದಾರೆ. ಈ ನಂಬಿಕೆಗೆ ಎಷ್ಟೋ ನರಿಗಳ ತಲೆ ಹೋಗಿದೆ. ಮಂತ್ರಿಯಾಗಿ, ಸೇಡಿನ ಅತ್ತಿಗೆಯಾಗಿ, ಶಕುನವಾಗಿ ನರಿಯನ್ನು ಕಂಡೆವು. ಹೊಲದ ಇಲಿ ಹಿಡಿದು ತಿಂದು ನಮ್ಮ ಜೋಳ ತೊಗರಿ ಕಾಯುವ ಪ್ರಾಣಿಯೆಂದು ಮಾತ್ರ ಕಾಣಲಿಲ್ಲ.

ಆಳುವವರ ಲೆಕ್ಕವೇ ಬೇರೆ ಇತ್ತು. 1948ರ ಸೆಪ್ಟೆಂಬರ್ 17ರವರೆಗೆ ಘತ್ತರಗಿಯ ಈಚೆ ದಂಡೆ ನಿಜಾಮರದು. ಎದುರು ದಂಡೆ ಬಿಜಾಪುರ ಜಿಲ್ಲೆ. 1947ರವರೆಗೆ ಅದು ಬ್ರಿಟಿಷರ ಮುಂಬಯಿ ಪ್ರಾಂತ. ಒಂದೇ ಹೊಳೆಯ ಎರಡು ದಡಕ್ಕೆ ಎರಡು ಸರ್ಕಾರ. ಬೇಸಿಗೆಯಲ್ಲಿ ಉಸುಕು ದಾಟುವ ನರಿಗೆ ಮಾತ್ರ ಅದು ಗಡಿಯಾಗಿರಲಿಲ್ಲ. ಬ್ರಿಟಿಷರು ತೋಳದ ತಲೆಗೆ ಬಹುಮಾನ ಕಟ್ಟಿದ್ದರು. 1875ರಿಂದ 1925ರವರೆಗೆ ಸುಮಾರು ಎರಡು ಲಕ್ಷ ತೋಳಗಳು ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಕೊಟ್ಟಿದ್ದಾರೆ. ಇಂಗ್ಲೆಂಡಿನ ಕೆಂಪು ನರಿ ಇಲ್ಲಿ ಸಿಗದ್ದರಿಂದ ಊಟಿಯಂಥ ಊರುಗಳ ದೊರೆಗಳು ಕುದುರೆಯೇರಿ, ನಾಯಿಪಡೆ ಕಟ್ಟಿಕೊಂಡು ನಮ್ಮ ದೊಡ್ಡ ನರಿಯನ್ನೇ ಅಟ್ಟಿಸಿ ಆಟವಾಡಿದರು. ಆದರೂ ನರಿಗಳು ಉಳಿದವು. ಬಂದೂಕಿಗೆ, ನಾಯಿಪಡೆಗೆ ಜಗ್ಗದ ಪ್ರಾಣಿ ನಮ್ಮ ಕಾಲದಲ್ಲಿ ಯಾಕೆ ಜಗ್ಗಿತು? ಈ ಚರಿತ್ರೆಯ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

ಮೊದಲು ಹೊಳೆ ಬದಲಾಯಿತು. ಮೇಲೆ ಸೋಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ಕೆಳಗೆ ಸೊನ್ನ, ಘತ್ತರಗಿ, ದೇವಲ ಗಾಣಗಾಪುರಗಳಲ್ಲಿ ಬ್ಯಾರೇಜುಗಳಾದವು. ಅವುಗಳಿಂದ ಹೊಲಕ್ಕೆ ನೀರು ಬಂದದ್ದು ನಿಜ. ಬರದ ನೆನಪಿರುವ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಹಳೆಯ ಹೊಳೆ ಹೋಯಿತು. ಈಗ ಗೇಟು ಹಾಕಿದರೆ ನಿಂತ ನೀರು, ತೆಗೆದರೆ ಒಮ್ಮೆಲೇ ಪೂರ. 2020ರ ಅಕ್ಟೋಬರಿನಲ್ಲಿ ಮಳೆಯೂ ಮೇಲಿನ ಅಣೆಕಟ್ಟಿನ ನೀರೂ ಕೂಡಿ ಬಂದಾಗ ದಂಡೆಯ ಊರುಗಳು ಮುಳುಗಿದವು; 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಆಯಿತು. ಬಿಲದಲ್ಲಿರುವ ಪ್ರಾಣಿಗೆ ಯಾರು ಡಂಗುರ ಸಾರುತ್ತಾರೆ?

ಆಮೇಲೆ ಉಸುಕೇ ಹೋಯಿತು. ಪಟ್ಟಣಗಳ ಮನೆಗಳು ಎದ್ದಂತೆ ಭೀಮೆಯ ಉಸುಕಿಗೆ ಬಂಗಾರದ ಬೆಲೆ ಬಂತು. ಟ್ರ್ಯಾಕ್ಟರು, ಟಿಪ್ಪರುಗಳು ಹಗಲು ರಾತ್ರಿ ಹೊಳೆಗಿಳಿದವು. 2023ರ ಜೂನಿನಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದರಡಿ ಸಿಕ್ಕು ಪ್ರಾಣ ಬಿಟ್ಟರು. ಮನುಷ್ಯನ ಜೀವಕ್ಕೇ ಇಷ್ಟು ಬೆಲೆಯಿರುವ ದಂಡೆಯಲ್ಲಿ ಏಡಿಯ ತೂತು, ಮೀನಿನ ತಗ್ಗು, ಕಲ್ಲಂಗಡಿಯ ಬಳ್ಳಿ ಉಳಿಯುವುದುಂಟೇ? ಊಟದ ಎಲೆಯನ್ನೇ ಎಳೆದುಕೊಂಡ ಮೇಲೆ ಪಂಕ್ತಿ ಎಲ್ಲಿಯದು?

ಇಲ್ಲಿಂದ ಮುಂದೆ ಎರಡು ನರಿಗಳ ದಾರಿ ಬೇರೆಯಾಯಿತು. ನೀರು ಬಂದ ಮೇಲೆ ಕಬ್ಬು ಬಂತು. ಅಫಜಲಪುರ ತಾಲೂಕಿನ ಹಾವಳಗಾದಲ್ಲಿ, ಆಳಂದ ತಾಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಹೊಳೆಯ ಎರಡೂ ಬದಿ ಹಸಿರು ಗೋಡೆಯಂತೆ ಕಬ್ಬು ನಿಂತಿದೆ. ದೊಡ್ಡ ನರಿಗೆ ಇದು ಹೊಸ ಅಡವಿ. ಅಡಗಲು ಮರೆ, ಜಗಿಯಲು ಸಿಹಿ, ಹಿಡಿಯಲು ಇಲಿ ಹಂದಿಮರಿ. ಚಳಿಗಾಲದ ರಾತ್ರಿ ಕಬ್ಬಿನೊಳಗಿಂದ ಅದರ ಮೇಳ ಇಂದಿಗೂ ಕೇಳುತ್ತದೆ. ಆ ಕೂಗು ಕೇಳಿದವರು ನರಿಗಳು ಚೆನ್ನಾಗಿವೆ ಎಂದು ಮಗ್ಗುಲು ಬದಲಿಸಿ ಮಲಗುತ್ತಾರೆ. ಚಿಕ್ಕ ನರಿಗೆ ಕಬ್ಬು ಬೇಡ. ಅದಕ್ಕೆ ಬೇಕಾದುದು ದೂರ ಕಾಣುವ ಬಯಲು, ಬಿಲಕ್ಕೆ ಒಣ ದಿಬ್ಬ. ಆ ಬಯಲನ್ನು ಜೇಸೀಬಿಗಳು ಸಮ ಮಾಡಿದವು. ಉಳಿದ ಮಡ್ಡಿಯನ್ನು ಬಳ್ಳಾರಿ ಜಾಲಿ ನುಂಗಿತು. ಹೀಗೆ ಒಂದು ಹೆಸರಿನ ಮರೆಯಲ್ಲಿ ಎರಡನೆಯ ಪ್ರಾಣಿ ಸದ್ದಿಲ್ಲದೆ ಸರಿದುಹೋಯಿತು. ಹೆಸರು ಕಳೆದುಕೊಂಡ ಭಾಷೆಗೆ ಪ್ರಾಣಿ ಕಳೆದದ್ದೂ ತಿಳಿಯುವುದಿಲ್ಲ.

ಮೂರನೆಯ ಪೆಟ್ಟು ನಾಯಿಗಳದು. ನಮಗೆ ನೆರೆಯ ಸೋಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ಅಬಿ ತಮೀಮ್ ವಾನಕ್ ಮತ್ತು ಅವರ ಸಂಗಡಿಗರು ಈ ಚಿಕ್ಕ ನರಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆಹಾರವಿದ್ದರೂ ಹತ್ತಿರ ನಾಯಿ ಕಂಡರೆ ನರಿ ಅದರ ಕಡೆ ಬರುವುದನ್ನು ಕಡಿಮೆ ಮಾಡುತ್ತದೆ ಎಂಬುದನ್ನು ತೋರಿಸಿದರು. ಊರ ನಾಯಿಗಳಲ್ಲಿರುವ ಡಿಸ್ಟೆಂಪರ್, ಪಾರ್ವೊದಂಥ ರೋಗಾಣುಗಳ ಗುರುತು ನರಿಗಳ ರಕ್ತದಲ್ಲೂ ಸಿಕ್ಕಿತು. ಅಂದರೆ ನಾಯಿ ಕಚ್ಚಲೇಬೇಕೆಂದಿಲ್ಲ. ಸುಮ್ಮನೆ ಅಲ್ಲಿದ್ದರೂ ನರಿ ಹಸಿದು ಉಳಿಯುತ್ತದೆ. ಎಲಿಯಟ್ ಕಂಡ ತಿರುವಿನ ಓಟ ನಾಲ್ಕು ಬೇಟೆನಾಯಿಗಳಿಗೆ ಸಾಕಿತ್ತು. ಜಾತ್ರೆಯ ಎಂಜಲು ತಿಂದು ಬೆಳೆದ ನಲವತ್ತು ಬೀದಿನಾಯಿಗಳಿಗೆ ಸಾಲದು.

ಕಾನೂನಿನ ಪುಸ್ತಕ ನೋಡಿದರೆ ನರಿಗೆ ಈಗ ದೊಡ್ಡ ಮರ್ಯಾದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಎರಡೂ ನರಿಗಳು ಹುಲಿಯ ಪಕ್ಕದಲ್ಲಿ ಮೊದಲ ಪಟ್ಟಿಯಲ್ಲಿ ಕೂತಿವೆ. ಅದೇ ಹೊತ್ತಿಗೆ ಇನ್ನೊಂದು ಇಲಾಖೆಯ ಕಪಾಟಿನಲ್ಲಿ, 2000ದಲ್ಲಿ ಮೊದಲು ಪ್ರಕಟವಾದ ಬಂಜರು ಭೂಮಿಯ ನಕ್ಷೆಗಳಲ್ಲಿ, ನರಿ ಬದುಕುವ ಹುಲ್ಲು ಕುರುಚಲಿನ ನೆಲದ ಬಹುಭಾಗಕ್ಕೆ ಬಂಜರು ಎಂಬ ಬಣ್ಣವಿದೆ. ಪ್ರಾಣಿ ಅಮೂಲ್ಯ, ಅದು ನಿಂತ ನೆಲ ನಿರುಪಯುಕ್ತ! ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಹಳೆಯ ಅಮೃತಮಹಲ್ ಕಾವಲಿನ 332 ಎಕರೆಯನ್ನು ತೋಳಧಾಮವೆಂದು ಘೋಷಿಸಿದ್ದಾರೆ. ತೋಳದ ನೆಪದಲ್ಲಿ ನರಿಗೂ ಅಲ್ಲಿ ನೆರಳು ಸಿಕ್ಕಿದೆ. ಬಯಲನ್ನು ಬಯಲಾಗಿಯೇ ಬಿಡುವುದೂ ಒಂದು ಅಭಿವೃದ್ಧಿ ಎಂದು ಒಪ್ಪಿಕೊಂಡ ಅಪರೂಪದ ಉದಾಹರಣೆಯದು.

ನಮ್ಮ ಹಳ್ಳಿಯ ಗಾಯರಾಣ ಇಪ್ಪತ್ತು ಎಕರೆಯೂ ಉಳಿದಿಲ್ಲ. ಅದರ ಮೂಡಣ ಅಂಚಿನಲ್ಲಿ ಒಂದು ದಿಬ್ಬ. ಅಲ್ಲಿ ಐದು ಬಾಯಿಯ ಬಿಲವಿದೆ, ಕಪ್ಪು ತುದಿಯ ಬಾಲ ಕಂಡಿದ್ದೇವೆ ಎಂದು ಕುರಿ ಕಾಯುವ ಇಬ್ಬರು ಬಂದು ಹೇಳಿದರು. ಹೋಗಿ ನೋಡಿದೆ. ಬಿಲದ ಮುಂದೆ ಹೊಸ ಮಣ್ಣು, ಏಡಿಯ ಚೂರು, ಬೋರೆಹಣ್ಣಿನ ಬೀಜ. ದಿಬ್ಬ ಕಡಿದು ನೆಲ ಸಮ ಮಾಡುವ ಮಾತು ಗ್ರಾಮಸಭೆಯಲ್ಲಿ ಬಂದಾಗ ನಾವು ಮೂವರು ಕೂಡಿ ಆ ಒಂದು ಎಕರೆ ಬಿಡಿರೆಂದು ಅರ್ಜಿ ಕೊಟ್ಟೆವು. ಸಭೆ ನಕ್ಕಿತು. ಹಿರಿಯರೊಬ್ಬರು, ಕೆಟ್ಟವರಲ್ಲ, ನನ್ನನ್ನೇ ನೋಡುತ್ತ ಕೇಳಿದರು: "ಅಲ್ಲ ಮಾಸ್ತರ್ರ, ಆ ನರಿ ಹೆಸರಲೆ ಪಹಣಿ ಅದ ಏನ್ರೀ?"

ಇಲ್ಲ. ಸರ್ಕಾರಗಳು ಬದಲಾಗುತ್ತ ಬಂದ ಈ ಸೀಮೆಯಲ್ಲಿ ಯಾವ ದಫ್ತರದಲ್ಲೂ ನರಿಯ ಹೆಸರಿಲ್ಲ. ಆದರೆ ಗಾಯರಾಣ ಎಂದರೆ ಯಾರ ಪಹಣಿಯಲ್ಲೂ ಇಲ್ಲದ, ಎಲ್ಲರ ದನಕರುಗಳಿಗೆ ಬಿಟ್ಟ ನೆಲವೆಂದೇ ಅರ್ಥ. ನಿಜಾಮರ ಕಾಲದ ಕಂದಾಯದವರೂ ಆ ನೆಲಕ್ಕೆ ಒಬ್ಬ ಒಡೆಯನನ್ನು ಬರೆಯಲಿಲ್ಲ. ಹೊಳೆಯ ದಂಡೆಗೂ ಒಡೆಯನಿರಲಿಲ್ಲ. ಅದಕ್ಕಾಗಿಯೇ ವರ್ತಿಯ ನೀರು ಅಜ್ಜಿಗೂ ಸಿಕ್ಕಿತು, ಅವಳಿಗಿಂತ ಮೊದಲು ಬಂದದ್ದಕ್ಕೂ ಸಿಕ್ಕಿತು. ಅಜ್ಜಿ ಪಹಣಿ ಕೇಳಲಿಲ್ಲ. ಇಷ್ಟನ್ನೇ ನಾನು ಸಭೆಯಲ್ಲಿ ಹೇಳಿ ಕೂತೆ. ಮುಂದಿನ ಸಭೆಯವರೆಗೆ ದಿಬ್ಬ ಮುಟ್ಟಬಾರದೆಂದು ಬರೆದುಕೊಂಡಿದ್ದಾರೆ. ಈ ಸಲದ ಮರಿಗಳು ಬಿಲ ಬಿಟ್ಟು ಹೊರಬರಲು ಅಷ್ಟು ದಿನ ಸಾಕು.